ತಬ್ಬಲಿ ವೀರನ ಬಲ

ಮೌಖಿಕ ಮಹಾಕಾವ್ಯಗಳಲ್ಲಿ ಪುನರುಕ್ತಿಯ ದೋಷವನ್ನು ಎಣಿಸುತ್ತ ಕುಳಿತವನಿಗೆ ಕಾವ್ಯ ದಕ್ಕುವುದಿಲ್ಲ. ಮಂಗೋಲರ ವೀರಗಾಥೆಗಳಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ‘ತೂಲಿ’ ಎಂದು ಅವರು ಕರೆಯುವ ಈ ಹಾಡುಗಬ್ಬಗಳಲ್ಲಿ ನಾಯಕನ ಹೆಸರು ಬೇರೆಯಾದರೂ ಅವನು ನಡೆಯುವ ದಾರಿ ಬಹುಮಟ್ಟಿಗೆ ಒಂದೇ. ಮುಪ್ಪಿನ ತಂದೆತಾಯಿಗಳಿಗೆ ಹುಟ್ಟಿದ ಮಗ, ಇಲ್ಲವೆ ಎಳವೆಯಲ್ಲೇ ತಬ್ಬಲಿಯಾದ ಕೂಸು. ಬುದ್ಧಿ ಹೇಳುವ ಕುದುರೆ. ವಧುವಿಗಾಗಿ ಕುದುರೆ ಓಟ, ಬಿಲ್ಗಾರಿಕೆ, ಕುಸ್ತಿ ಎಂಬ 3 ಪಂದ್ಯಗಳು. ಹಲವು ತಲೆಯ ಮಂಗಸನೆಂಬ ರಕ್ಕಸನೊಡನೆ ಕಾಳಗ. ಇವೆಲ್ಲ ಒಂದೇ ಅಚ್ಚಿನ ಬೊಂಬೆಗಳೆಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆ ತೀರ್ಪು ಅವಸರದ್ದೆಂದು ನನ್ನ ಅಭಿಪ್ರಾಯ.

ಓಯಿರಾತ ಮಂಗೋಲರ ‘ಜಂಗರ್’ ಕಾವ್ಯವನ್ನೇ ನೋಡಿ. ವೋಲ್ಗಾ ಸೀಮೆಯಲ್ಲಿ ನೆಲಸಿದ ಕಲ್ಮಿಕರಲ್ಲಿ ಈಲ್ಯಾನ್ ಓವ್ಲಾ ಎಂಬ ಗಾಯಕನಿದ್ದ. ಅವನು ಹಾಡಿದ 10 ಭಾಗಗಳು 1908ರಲ್ಲಿ ಬರಹಕ್ಕಿಳಿದವು. ಜಂಗರ್ ಎಳವೆಯಲ್ಲೇ ಹೆತ್ತವರನ್ನೂ ನಾಡನ್ನೂ ಕಳೆದುಕೊಂಡವನು. ಅವನು ಕಟ್ಟಿದ ಬುಂಬಾ ನಾಡಿನಲ್ಲಿ ಚಳಿಗಾಲವಿಲ್ಲ, ಸಾವಿಲ್ಲ. ಜನರೆಲ್ಲ ಸದಾ 25ರ ಹರೆಯದವರು. ಆದರೆ ಆ ನಾಡು ನಿಂತಿರುವುದು ಅವನೊಬ್ಬನ ತೋಳ್ಬಲದಿಂದಲ್ಲ. ಒಮ್ಮೆ ಅವನು ಬುಂಬಾವನ್ನು ತೊರೆದುಹೋದಾಗ ಹೊಂಗೋರನೆಂಬ ವೀರ ಏಕಾಂಗಿಯಾಗಿ ಶತ್ರುವನ್ನೆದುರಿಸಿ ಸೆರೆಯಾಗುತ್ತಾನೆ. ಹಿಂತಿರುಗಿದ ಜಂಗರ್ ಪಾತಾಳಕ್ಕಿಳಿದು ಗೆಳೆಯನನ್ನು ಬದುಕಿಸಿ ತರುತ್ತಾನೆ.

ಇದಕ್ಕೆದುರಾಗಿ ಮಂಗಸನನ್ನು ಗಮನಿಸಿ. ನಮ್ಮ ಅಜ್ಜಿಕಥೆಯ ರಾಕ್ಷಸನಂತೆ ಅವನೂ ತನ್ನ ಪ್ರಾಣವನ್ನು ದೇಹದ ಹೊರಗೆ ಎಲ್ಲಿಯೋ ಬಚ್ಚಿಟ್ಟಿರುತ್ತಾನೆ. ಬೀಜಿಂಗಿನಲ್ಲಿ 1716ರಲ್ಲಿ ಮಂಗೋಲ ಭಾಷೆಯಲ್ಲಿ ಅಚ್ಚಾದ ‘ಗೆಸೆರ್’ ಕಥೆಯಲ್ಲಿ 12 ತಲೆಯ ಮಂಗಸನಿಂದ ಆ ಗುಟ್ಟನ್ನು ಹೊರಡಿಸುವವಳು ಅವನ ಬಳಿಯಿದ್ದ ಗೆಸೆರನ ಹೆಂಡತಿ. ಅವಳ ನೆರವಿಲ್ಲದೆ ಗೆಸೆರನಂಥ ವೀರನಿಗೂ ಗೆಲುವಿಲ್ಲ.

ಈ ಆಶಯಗಳ ಒಳಸಂಬಂಧ ನನಗೆ ತೋರುವುದು ಇಲ್ಲಿಯೇ. ವೀರನ ಪ್ರಾಣವೂ ಒಂದರ್ಥದಲ್ಲಿ ಅವನ ದೇಹದ ಹೊರಗಿದೆ: ಕುದುರೆಯ ವಿವೇಕದಲ್ಲಿ, ಗೆಳೆಯನ ಆಣೆಯಲ್ಲಿ, ಮಡದಿಯ ಜಾಣ್ಮೆಯಲ್ಲಿ. ಮಂಗಸ ಭಯದಿಂದ ಬಚ್ಚಿಟ್ಟದ್ದನ್ನು ವೀರ ನಂಬಿಕೆಯಿಂದ ಒಪ್ಪಿಸಿದ್ದಾನೆ. ಆದ್ದರಿಂದಲೇ ಕವಿ ಅವನನ್ನು ಮತ್ತೆ ಮತ್ತೆ ತಬ್ಬಲಿಯಾಗಿಸುತ್ತಾನೆ. ಹುಟ್ಟಿನಿಂದ ಬಳಗವಿಲ್ಲದವನು ಬಳಗವನ್ನು ಗಳಿಸಲೇಬೇಕು. ಆ ಗಳಿಕೆಯೇ ಅವನ ವೀರ್ಯ. ಹುಲ್ಲುಗಾವಲಿನ ಕಠಿಣ ಚಳಿಯಲ್ಲಿ ಮಂದೆಯೊಡನೆ ಅಲೆಯುವ ಜನಕ್ಕೆ ಇದು ಬರಿಯ ಕಲ್ಪನೆಯಲ್ಲ, ಬಾಳಿನ ನಿಯಮ.

ಈ ಗಾಥೆಗಳ ಗತಿಯೂ ಅಂಥದೇ. ಅವುಗಳ ಪ್ರಾಣವಿರುವುದು ಪುಸ್ತಕದಲ್ಲಲ್ಲ, ಹಾಡುವವನ ಕೊರಳಿನಲ್ಲಿ ಮತ್ತು ಕೇಳುವವರ ಕಿವಿಯಲ್ಲಿ. ಯುನೆಸ್ಕೋ 2009ರಲ್ಲಿ ಮಂಗೋಲಿಯದ ತೂಲಿಯನ್ನು ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಗ್ರಂಥಾಲಯಗಳು ಮಾತುಗಳನ್ನು ಕಾಪಾಡಬಲ್ಲವು. ಅದೇ ಕಥೆಯನ್ನು ಇನ್ನೊಮ್ಮೆ ಹೇಳೆಂದು ಇರುಳೆಲ್ಲ ಕುಳಿತು ಕೇಳುವ ಮಂದಿಯನ್ನು ಅವು ಎಲ್ಲಿಂದ ತಂದಾವು?