ಲಿನಕ್ಸ್ ಕರ್ನಲ್ಲಿನ ಸಾಧನ-ಮೆಮೊರಿ ಮ್ಯಾಪಿಂಗ್: ಒಂದು ಆಕರ ವಿಮರ್ಶೆ

ದಾನಶಾಸನವೊಂದನ್ನು ಪರಿಶೀಲಿಸುವಾಗ ದಾನವಿತ್ತವನಾರು, ಪಡೆದವನಾರು ಎಂಬುದರೊಡನೆ ದತ್ತಿಭೂಮಿಯ ಚತುಸ್ಸೀಮೆ ಯಾವುದೆಂಬುದನ್ನೂ ಗಮನಿಸುವುದು ಇತಿಹಾಸಾಭ್ಯಾಸಿಗಳ ವಾಡಿಕೆ. ಎಲ್ಲೆಯ ವಿವರದಲ್ಲಿ ದೋಷವಿದ್ದರೆ, ಶಾಸನದ ಉಳಿದ ಭಾಗ ಎಷ್ಟೇ ಪ್ರೌಢವಾಗಿದ್ದರೂ ವ್ಯಾಜ್ಯ ತಪ್ಪುವುದಿಲ್ಲ. ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯಲ್ಲಿಯೂ ಇಂತಹುದೇ ಒಂದು ದಾನಕ್ರಿಯೆ ನಡೆಯುತ್ತದೆ. ಸಾಧನವೊಂದರ ಮೆಮೊರಿಯ ಭಾಗವನ್ನು ಸಾಮಾನ್ಯ ಪ್ರೋಗ್ರಾಮಿನ ಕೈಗೆ ನೇರವಾಗಿ ಒಪ್ಪಿಸುವ ಈ ಕ್ರಿಯೆಗೆ ಮ್ಯಾಪಿಂಗ್ ಎಂದು ಹೆಸರು. ಲಿನಕ್ಸ್ ಕರ್ನಲ್ಲಿನಲ್ಲಿ ಈ ಕೆಲಸವನ್ನು ಮಾಡುವ ಕೋಡನ್ನೂ, ಅದನ್ನು ಪರಿಶೀಲಿಸುವ ಪದ್ಧತಿಯನ್ನೂ ಐತಿಹಾಸಿಕ ಆಕರಗಳಾಗಿ ಭಾವಿಸಿ ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇತಿಹಾಸದ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಲಿನಕ್ಸ್ ಕರ್ನಲ್ಲು ಕೇವಲ ಯಂತ್ರಕ್ಕೆ ನೀಡಿದ ಆಜ್ಞೆಗಳ ಸಮೂಹವಲ್ಲ. ಅದು ದಿನಾಂಕಸಹಿತವಾದ ಒಂದು ದಫ್ತರವೂ ಆಗಿದೆ. ೨೦೦೫ರ ಏಪ್ರಿಲ್ ತಿಂಗಳಿನಿಂದ ಈಚೆಗೆ ಅದರ ಪ್ರತಿಯೊಂದು ಬದಲಾವಣೆಯೂ ‘ಗಿಟ್’ ಎಂಬ ದಾಖಲೆ ವ್ಯವಸ್ಥೆಯಲ್ಲಿ ಸೇರಿದೆ. ಬದಲಾಯಿಸಿದವರ ಹೆಸರು, ದಿನಾಂಕ, ಕಾರಣ, ಪರಿಶೀಲಿಸಿದವರಿದ್ದರೆ ಅವರ ಹೆಸರು ಇವೆಲ್ಲವೂ ಅಲ್ಲಿ ದೊರೆಯುತ್ತವೆ. ಇಷ್ಟು ಸಮಗ್ರವಾದ ಆಕರ ಹಳೆಯ ರಾಜ್ಯಗಳ ವಿಷಯದಲ್ಲಿ ನಮಗೆ ದೊರೆಯುವುದು ದುರ್ಲಭ. ಆದುದರಿಂದ ಆಕರಗಳಿಗೆ ನಾವು ಅನ್ವಯಿಸುವ ಬಾಹ್ಯ ಮತ್ತು ಅಂತರಂಗ ವಿಮರ್ಶೆಯ ಕ್ರಮಗಳನ್ನು ಇದಕ್ಕೂ ಅನ್ವಯಿಸುವುದು ಅಸಮಂಜಸವಾಗಲಾರದು.

ಮೊದಲು ವಿಷಯದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸಾಮಾನ್ಯ ಪ್ರೋಗ್ರಾಮು ಕಾಣುವ ಮೆಮೊರಿಯ ವಿಳಾಸಗಳು ಯಂತ್ರದ ನಿಜವಾದ ವಿಳಾಸಗಳಲ್ಲ. ಇವೆರಡರ ನಡುವೆ ಕರ್ನಲ್ಲು ಬರೆದಿಟ್ಟ ಒಂದು ಕೋಷ್ಟಕವಿರುತ್ತದೆ. ಅದರ ಘಟಕವನ್ನು ಪುಟವೆನ್ನುತ್ತಾರೆ. ಸಾಮಾನ್ಯವಾಗಿ ಒಂದು ಪುಟವೆಂದರೆ ೪೦೯೬ ಬೈಟುಗಳು. ಪರದೆಯ ಚಿತ್ರ, ಧ್ವನಿಯ ಕಾರ್ಡು ಮೊದಲಾದ ಸಾಧನಗಳ ಮೆಮೊರಿಯನ್ನು ಪ್ರೋಗ್ರಾಮು ವೇಗವಾಗಿ ಬಳಸಬೇಕಾದಾಗ ‘ಎಂ-ಮ್ಯಾಪ್’ ಎಂಬ ಕರೆಯ ಮೂಲಕ ಕೋರಿಕೆ ಸಲ್ಲಿಸುತ್ತದೆ. ಸಾಧನದ ಡ್ರೈವರು ಆ ಕೋರಿಕೆಯನ್ನು ಪರೀಕ್ಷಿಸಿ, ಕೋಷ್ಟಕದಲ್ಲಿ ಸಾಧನದ ನಿಜವಿಳಾಸವನ್ನು ಬರೆಯಿಸುತ್ತದೆ. ಒಮ್ಮೆ ಬರೆದ ಮೇಲೆ ಪ್ರತಿಯೊಂದು ಓದಿಗೂ ಬರಹಕ್ಕೂ ಕರ್ನಲ್ಲು ಮಧ್ಯೆ ಬರುವುದಿಲ್ಲ. ಪರೀಕ್ಷೆ ನಡೆಯುವುದು ಹೊಸ್ತಿಲಿನಲ್ಲಿ ಒಂದೇ ಬಾರಿ. ಅಲ್ಲಿ ಎಲ್ಲೆ ತಪ್ಪಿದರೆ ಸಾಧನದ ಆಚೆಗಿರುವ ಮೆಮೊರಿ, ಎಂದರೆ ಇತರರ ಗುಪ್ತಪದಗಳು, ಕಾಗದಪತ್ರಗಳು, ಕೊನೆಗೆ ಕರ್ನಲ್ಲೇ ಕೋರಿಕೆ ಸಲ್ಲಿಸಿದವನ ವಶವಾಗುತ್ತದೆ.

ಈ ಎಲ್ಲೆ ತಪ್ಪುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿಶದಪಡಿಸಬಹುದು. ೩೨ ಬಿಟ್ಟಿನ ಯಂತ್ರದಲ್ಲಿ ಸಂಖ್ಯೆಗಳು ೪೨೯,೪೯,೬೭,೨೯೬ಕ್ಕೆ ತಲಪಿದೊಡನೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತವೆ. ಸಾಧನವೊಂದರ ಮೆಮೊರಿ ೧೦,೪೮,೫೭೬ ಬೈಟುಗಳೆಂದಿರಲಿ. ಆರಂಭದಿಂದ ಎಷ್ಟು ದೂರದಲ್ಲಿ ಭಾಗ ಬೇಕು, ಆ ಭಾಗದ ಉದ್ದವೆಷ್ಟು ಎಂಬ ಎರಡು ಸಂಖ್ಯೆಗಳನ್ನು ಪ್ರೋಗ್ರಾಮು ಕೊಡುತ್ತದೆ. ಡ್ರೈವರು ಎರಡನ್ನೂ ಕೂಡಿಸಿ, ಮೊತ್ತವು ಸಾಧನದ ಉದ್ದವನ್ನು ಮೀರಿಲ್ಲವೆಂದು ನೋಡುತ್ತದೆ. ಮೇಲುನೋಟಕ್ಕೆ ಇದು ನಿರ್ದುಷ್ಟವಾದ ಪರೀಕ್ಷೆ. ಆದರೆ ದೂರ ೪೨೯,೪೯,೬೩,೨೦೦, ಉದ್ದ ೮೧೯೨ ಎಂದು ಕೇಳಿದರೇನಾಗುವುದು? ನಿಜವಾದ ಮೊತ್ತ ೪೨೯,೪೯,೭೧,೩೯೨. ಯಂತ್ರದಲ್ಲಿ ಉಳಿಯುವ ಮೊತ್ತ ಕೇವಲ ೪೦೯೬. ಅದು ಸಾಧನದ ಉದ್ದಕ್ಕಿಂತ ಕಡಿಮೆಯಾದುದರಿಂದ ಕೋರಿಕೆ ಅಂಗೀಕೃತವಾಗುತ್ತದೆ. ಸಾಧನದ ಆರಂಭಕ್ಕೆ ಆ ದೂರವನ್ನು ಕೂಡಿಸಿದಾಗ ಅಲ್ಲಿಯೂ ಸಂಖ್ಯೆ ಸುತ್ತಿಬಂದು, ಸಾಧನದ ಹಿಂದಿನ ಪುಟವೇ ಕೋರಿದವನಿಗೆ ದೊರೆಯುತ್ತದೆ.

ಇದು ಬರಿಯ ಊಹೆಯಲ್ಲ. ಪರದೆಯ ಚಿತ್ರದ ಮೆಮೊರಿಯನ್ನು ಮ್ಯಾಪ್ ಮಾಡುವ ‘ಎಫ್‌ಬಿ-ಎಂಮ್ಯಾಪ್’ ಎಂಬ ಕಾರ್ಯದಲ್ಲಿ ಇದೇ ಜಾತಿಯ ದೋಷವಿದ್ದುದು ೨೦೧೩ರಲ್ಲಿ ಪ್ರಕಟವಾಯಿತು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ಮೂಲಕ ಕರ್ನಲ್ಲಿನ ಮೆಮೊರಿಯನ್ನೆಲ್ಲ ಓದಿ ಬರೆಯಲು ಸಾಧ್ಯವಾಗಿದ್ದಿತು. ಆ ಕೋಡಿನ ಹಳೆಯ ಪಾಠವನ್ನು ಗಮನವಿಟ್ಟು ಓದಿದರೆ ಒಂದು ವಿಚಾರ ಹೊಳೆಯುತ್ತದೆ. ಪುಟಗಳ ಸಂಖ್ಯೆಯನ್ನು ಬೈಟುಗಳಿಗೆ ಪರಿವರ್ತಿಸುವಾಗ ಸಂಖ್ಯೆ ಸುತ್ತಿಬರಬಾರದೆಂಬ ಪರೀಕ್ಷೆಯು ಅದರ ಆರಂಭದಲ್ಲಿಯೇ ಇದೆ. ಎಂದರೆ ಕರ್ತೃವಿಗೆ ಅಪಾಯದ ಅರಿವಿಲ್ಲದಿರಲಿಲ್ಲ. ಆದರೂ ಕೆಲವೇ ಸಾಲುಗಳ ಕೆಳಗೆ ಕೂಡಿಸುವ ಸ್ಥಳದಲ್ಲಿ ಆ ಎಚ್ಚರ ಉಳಿದಿಲ್ಲ. ಪರೀಕ್ಷೆಯೊಂದು ಮೊದಲಲ್ಲೇ ಕಾಣಿಸಿಕೊಂಡುದರಿಂದ ಮುಂದಿನ ಸಾಲುಗಳ ವಿಷಯದಲ್ಲಿ ಓದುಗನ ಸಂಶಯ ಶಮನವಾಗಿಬಿಡುವುದು ಸಹಜ. ಪರಿಶೀಲಕರು ಇದರಿಂದ ಕಲಿಯಬೇಕಾದ ಪಾಠವಿದೆ: ಎಚ್ಚರದ ಕುರುಹು ಒಂದೆಡೆ ಇದ್ದರೆ ಅದು ಬೇರೆಡೆಗೆ ಜಾಮೀನಾಗುವುದಿಲ್ಲ.

೨೦೧೩ರ ಏಪ್ರಿಲಿನಲ್ಲಿ ಲೀನಸ್ ಟೋರ್ವಾಲ್ಡ್ಸರು ‘ವಿಎಂ-ಐಒಮ್ಯಾಪ್-ಮೆಮೊರಿ’ ಎಂಬ ಹೊಸ ಸಹಾಯಕ ಕಾರ್ಯವನ್ನು ರಚಿಸಿ, ಪರದೆ, ಧ್ವನಿ, ಗಡಿಯಾರ ಮೊದಲಾದ ಡ್ರೈವರುಗಳನ್ನು ಅದರತ್ತ ತಿರುಗಿಸಿದರು. ಬೇರೆ ಬೇರೆ ಡ್ರೈವರುಗಳು ಒಂದೇ ಲೆಕ್ಕವನ್ನು ತಾವು ತಾವೇ ಮತ್ತೆ ಬರೆದುಕೊಳ್ಳುತ್ತಿದ್ದುವೆಂದೂ, ಮೂಲ ಕಾರ್ಯವು ಸಾಮಾನ್ಯ ಸಂದರ್ಭಗಳಿಗೆ ಅನಾವಶ್ಯಕವಾಗಿ ಜಟಿಲವಾಗಿದ್ದಿತೆಂದೂ ಅವರು ಕಾರಣ ನೀಡಿದ್ದಾರೆ. ಈ ರಚನೆಯ ಮುಖ್ಯ ಗುಣವೆಂದರೆ, ಪ್ರೋಗ್ರಾಮು ಕೊಟ್ಟ ಎರಡು ಸಂಖ್ಯೆಗಳನ್ನು ಅದು ಕೂಡಿಸುವುದೇ ಇಲ್ಲ. ಕೇಳಿದ ದೂರವು ಸಾಧನದ ಒಟ್ಟು ಪುಟಗಳನ್ನು ಮೀರಿದರೆ ಕೋರಿಕೆಯನ್ನು ತಿರಸ್ಕರಿಸುತ್ತದೆ. ಇಲ್ಲವಾದರೆ ಒಟ್ಟು ಪುಟಗಳಿಂದ ದೂರವನ್ನು ಕಳೆದು, ಉಳಿದುದರೊಡನೆ ಉದ್ದವನ್ನು ಹೋಲಿಸುತ್ತದೆ. ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಕಳೆಯುವಾಗ ಸುತ್ತಿಬರುವ ಪ್ರಶ್ನೆಯೇ ಏಳುವುದಿಲ್ಲ. ಹಿಂದೆ ಹೇಳಿದ ಕಲ್ಪಿತ ಕೋರಿಕೆ ಇಲ್ಲಿ ಮೊದಲನೆಯ ಮೆಟ್ಟಿಲಲ್ಲೇ ನಿಲ್ಲುತ್ತದೆ. ಇದಕ್ಕಿಂತ ಸರಳವಾದ ಪರಿಹಾರವನ್ನು ನಾವು ಕಾಣೆವು.

ಆದರೆ ಪ್ರಶಂಸೆ ಇಲ್ಲಿಗೆ ನಿಲ್ಲಬೇಕು. ಈ ಕಾರ್ಯದೊಳಗಿನ ಒಂದು ಟಿಪ್ಪಣಿ ಇತಿಹಾಸಜ್ಞರ ಕಣ್ಣಿಗೆ ತಪ್ಪದೆ ಬೀಳುತ್ತದೆ. ಪುಟದ ಗಡಿಗೆ ಸರಿಹೊಂದದ ಮೆಮೊರಿಯನ್ನು ಮ್ಯಾಪ್ ಮಾಡಲೇಬಾರದು, ಆದರೆ ಐತಿಹಾಸಿಕವಾಗಿ ಅದಕ್ಕೆ ಅವಕಾಶ ಕೊಡುತ್ತ ಬಂದಿದ್ದೇವೆ ಎಂಬುದು ಅದರ ತಾತ್ಪರ್ಯ. ಇದರ ಪರಿಣಾಮವೇನು? ಸಾಧನವು ಪುಟದ ಒಂದು ಅಂಶವನ್ನು ಮಾತ್ರ ಆಕ್ರಮಿಸಿದ್ದರೂ ಪ್ರೋಗ್ರಾಮಿಗೆ ಇಡೀ ಪುಟ ದೊರೆಯುತ್ತದೆ. ಆ ಪುಟದಲ್ಲಿ ನೆರೆಯ ಸಾಧನವಿದ್ದರೆ ಅದೂ ಜೊತೆಗೆ ಹೋಗುತ್ತದೆ. ಕೆಲವು ಆರ್ಮ್ ಯಂತ್ರಗಳಲ್ಲಿ ಪುಟವೊಂದು ೬೪ ಕಿಲೋಬೈಟುಗಳಷ್ಟಿರಬಹುದು. ಅಲ್ಲಿ ೪ ಕಿಲೋಬೈಟಿನ ಸಾಧನವೊಂದನ್ನು ಒಪ್ಪಿಸಿದರೆ ಅಂತಹ ೧೫ ನಿವೇಶನಗಳು ಅದರೊಡನೆ ತೆರೆಯಬಹುದು. ಪೂರ್ವಾಚಾರವನ್ನು ಮುರಿದರೆ ಹಳೆಯ ಪ್ರೋಗ್ರಾಮುಗಳು ನಿಂತುಹೋಗುವುವೆಂಬ ಭಯ ಸಕಾರಣವಾದುದೇ. ಆದರೆ ಆಚಾರವು ಇದ್ದುದೆಂಬುದು ಅದು ಸಾಧುವೆಂಬುದಕ್ಕೆ ಪ್ರಮಾಣವಲ್ಲ. ಯಾವ ಡ್ರೈವರಿಗಾಗಿ, ಎಷ್ಟು ಕಾಲದವರೆಗೆ ಈ ವಿನಾಯಿತಿ ಎಂಬುದನ್ನು ಟಿಪ್ಪಣಿ ಹೇಳಿದ್ದರೆ ಮುಂದಿನ ಪರಿಶೀಲಕನಿಗೆ ಕೆಲಸ ಸುಲಭವಾಗುತ್ತಿದ್ದಿತು.

ವಿನಾಯಿತಿಗಳು ಹೇಗೆ ಬಾಳುತ್ತವೆಂಬುದಕ್ಕೆ ‘ಡೆವ್-ಮೆಮ್’ ಎಂಬ ಕಡತದ ಚರಿತ್ರೆ ಉತ್ತಮ ನಿದರ್ಶನ. ಯಂತ್ರದ ಭೌತಿಕ ಮೆಮೊರಿಯನ್ನೆಲ್ಲ ಒಂದೇ ಕಡತದಂತೆ ತೋರಿಸುವ ಈ ಬಾಗಿಲಿಗೆ ೨೦೦೮ರಲ್ಲಿ ಒಂದು ನಿರ್ಬಂಧ ಬಂದಿತು. ಅದನ್ನು ಆಯ್ದುಕೊಂಡ ಕರ್ನಲ್ಲುಗಳಲ್ಲಿ ಸಾಮಾನ್ಯ ಮೆಮೊರಿಯನ್ನು ಈ ಮಾರ್ಗವಾಗಿ ಓದಲಾಗದು. ಆದರೆ ಎಕ್ಸ್-೮೬ ಯಂತ್ರಗಳಲ್ಲಿ ಹಳೆಯ ಬಯಾಸ್ ಮುಂತಾದುವುಗಳ ಸಲುವಾಗಿ ಮೊದಲ ೧ ಮೆಗಾಬೈಟನ್ನು ತೆರೆದೇ ಬಿಟ್ಟರು. ಆ ಭಾಗದಲ್ಲಿಯೂ ಕರ್ನಲ್ಲು ತನ್ನ ಸ್ವಂತ ದತ್ತಾಂಶವನ್ನು ಇಡಬಹುದಾಗಿದ್ದಿತೆಂಬುದು ೨೦೧೭ರಲ್ಲಿ ವಿಚಾರಕ್ಕೆ ಬಂದಿತು. ಆಗ ಮಾಡಿದ ತಿದ್ದುಪಡಿಯು ಅಲ್ಲಿನ ಸಾಮಾನ್ಯ ಮೆಮೊರಿಯನ್ನು ಓದಿದವರಿಗೆ ಸೊನ್ನೆಗಳನ್ನು ಕೊಡುವಂತೆ ಏರ್ಪಡಿಸಿತು. ಎಂ-ಮ್ಯಾಪ್ ಮಾರ್ಗಕ್ಕೆ ಇದನ್ನು ವಿಸ್ತರಿಸಲು ಇನ್ನೂ ಕೆಲಸವಿದೆಯೆಂದು ಅದರ ಕರ್ತೃವೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ೨೦೨೧ರಲ್ಲಿ ಎಕ್ಸ್-೮೬ ಕರ್ನಲ್ಲು ಆ ಮೊದಲ ಮೆಗಾಬೈಟನ್ನು ಪೂರ್ತಿಯಾಗಿ ಕಾಯ್ದಿರಿಸಿ, ಅಲ್ಲಿ ತನ್ನ ದತ್ತಾಂಶವನ್ನು ಹಂಚುವುದನ್ನೇ ಬಿಟ್ಟಿತು. ಮೊದಲನೆಯ ತಿದ್ದುಪಡಿ ರೋಗದ ಲಕ್ಷಣವನ್ನು ಹಿಂಬಾಲಿಸಿತು, ಎರಡನೆಯದು ನಿದಾನವನ್ನು ಮುಟ್ಟಿತು. ಎರಡರ ನಡುವೆ ನಾಲ್ಕು ವರ್ಷಗಳು ಸಂದಿರುವುದನ್ನು ಮರೆಯಲಾಗದು.

ಎಲ್ಲೆಯೊಂದೇ ವಿಚಾರಣೀಯವಾದುದಲ್ಲ. ಕೊಟ್ಟ ಹಕ್ಕು ಎಷ್ಟು ಕಾಲ ಊರ್ಜಿತವೆಂಬುದೂ ಮುಖ್ಯ. ಡೆವ್-ಮೆಮ್ ಮೂಲಕ ಒಬ್ಬನು ಮೊದಲೇ ಮ್ಯಾಪ್ ಮಾಡಿಕೊಂಡಿದ್ದ ಭಾಗವನ್ನು ಡ್ರೈವರೊಂದು ಆಮೇಲೆ ತನ್ನದೆಂದು ಪ್ರತ್ಯೇಕವಾಗಿ ಪಡೆದರೆ ಹಳೆಯ ಮ್ಯಾಪಿಂಗನ್ನು ರದ್ದುಪಡಿಸುವ ಏರ್ಪಾಟು ಬಂದುದು ೨೦೨೦ರಲ್ಲಿ. ಮೂರನೆಯ ಪ್ರಶ್ನೆ ಬಳಕೆಯ ಬಗೆಯದು. ಸಾಧನದ ರಿಜಿಸ್ಟರುಗಳನ್ನು ಕ್ಯಾಷಿನ ಮೂಲಕ ಓದಿದರೆ ಹಳಸಿದ ಬೆಲೆ ದೊರೆಯಬಹುದು. ಚಿತ್ರದ ಮೆಮೊರಿಗಾದರೋ ಬರಹಗಳನ್ನು ಒಟ್ಟುಗೂಡಿಸಿ ಕಳಿಸುವುದೇ ಲಾಭಕರ. ೨೦೧೩ರ ಸಹಾಯಕ ಕಾರ್ಯವು ಈ ತೀರ್ಮಾನವನ್ನು ಡ್ರೈವರಿಗೇ ಬಿಟ್ಟಿದೆ. ಅದು ಯುಕ್ತವೇ; ಆದರೆ ಸಹಾಯಕ ಕಾರ್ಯವನ್ನು ಕರೆದಿದ್ದಾರೆಂಬ ಕಾರಣದಿಂದ ಪರಿಶೀಲಕನು ಈ ಪ್ರಶ್ನೆಯನ್ನು ಕೇಳದೆ ಬಿಡಕೂಡದು.

ನಾಲ್ಕನೆಯ ಪ್ರಶ್ನೆ ಎಲ್ಲಕ್ಕೂ ಮೊದಲಿನದು: ಕೇಳುವ ಅಧಿಕಾರ ಯಾರಿಗೆ? ಎಕ್ಸಿನೋಸ್ ೪೨೧೦ ಮತ್ತು ೪೪೧೨ ಎಂಬ ಸಂಸ್ಕಾರಕಗಳನ್ನುಳ್ಳ ಕೆಲವು ಫೋನುಗಳ ಕರ್ನಲ್ಲಿನಲ್ಲಿ ‘ಎಕ್ಸಿನೋಸ್-ಮೆಮ್’ ಎಂಬ ಸಾಧನ ಕಡತವಿದ್ದಿತು. ಅದರ ಮೂಲಕ ಭೌತಿಕ ಮೆಮೊರಿಯನ್ನು ಓದಿ ಬರೆಯಬಹುದಾಗಿದ್ದಿತು. ಕಡತವನ್ನು ತೆರೆಯುವ ಅನುಮತಿ ಸರ್ವರಿಗೂ ಇದ್ದಿತು. ೨೦೧೨ರ ಡಿಸೆಂಬರಿನಲ್ಲಿ ಇದು ಬಹಿರಂಗವಾಯಿತು. ಇಲ್ಲಿ ಸಂಖ್ಯೆ ಸುತ್ತಿಬರುವ ಸೂಕ್ಷ್ಮವೇನೂ ಇಲ್ಲ. ಹಾಕಬೇಕಾದ ಬೀಗವನ್ನೇ ಹಾಕಿರಲಿಲ್ಲ. ಫೋನನ್ನು ಕೊಂಡವರು ಈ ಕೋಡನ್ನು ಓದಿದವರಲ್ಲ, ಓದಬೇಕಾದವರೂ ಅಲ್ಲ. ಅವರ ಪರವಾಗಿ ಓದಬೇಕಾದವನು ಪರಿಶೀಲಕನೇ.

ಇನ್ನು ಪರಿಶೀಲನೆಯ ದಾಖಲೆಯ ವಿಚಾರ. ಪರಿಶೀಲಿಸಿದವರು ತಮ್ಮ ಹೆಸರನ್ನು ಬದಲಾವಣೆಯ ಕೆಳಗೆ ನಮೂದಿಸುವ ಪದ್ಧತಿ ಲಿನಕ್ಸಿನಲ್ಲಿದೆ. ಆ ನಮೂದಿನ ಅರ್ಥವನ್ನೂ ಕರ್ನಲ್ಲಿನ ನಿಯಮಾವಳಿ ವಿವರಿಸಿದೆ: ತಾಂತ್ರಿಕ ಪರಿಶೀಲನೆ ನಡೆಯಿತು, ಕಂಡ ಸಂದೇಹಗಳನ್ನು ಕರ್ತೃವಿಗೆ ತಿಳಿಸಲಾಯಿತು, ಆದರೆ ಕೋಡು ಎಲ್ಲ ಸಂದರ್ಭಗಳಲ್ಲಿಯೂ ಸರಿಯಾಗಿ ನಡೆಯುವುದೆಂಬ ಭರವಸೆ ಇದರಲ್ಲಿಲ್ಲ. ಇದು ವಿನಯಪೂರ್ವಕವಾದ, ಸತ್ಯವಾದ ಹೇಳಿಕೆ. ಆದರೂ ಆಕರ ವಿಮರ್ಶೆಯ ದೃಷ್ಟಿಯಿಂದ ಈ ಸಾಕ್ಷ್ಯ ಅಪೂರ್ಣವೆಂದೇ ಹೇಳಬೇಕಾಗಿದೆ. ಯಾರು ಓದಿದರೆಂಬುದನ್ನು ಆ ಸಾಲು ತಿಳಿಸುತ್ತದೆ. ಏನನ್ನು ನೋಡಿದರು, ಏನನ್ನು ನೋಡಲಿಲ್ಲ ಎಂಬುದನ್ನು ತಿಳಿಸುವುದಿಲ್ಲ. ಮುಂದೆ ದೋಷ ಪ್ರಕಟವಾದಾಗ, ಪರಿಶೀಲಕನು ಎಲ್ಲೆಯ ಲೆಕ್ಕವನ್ನು ಮಾಡಿ ತಪ್ಪಿದನೋ, ಮಾಡಲೇ ಇಲ್ಲವೋ ಎಂಬುದನ್ನು ಹೆಸರಿನ ಸಾಲಿನಿಂದ ನಿರ್ಣಯಿಸಲಾಗದು. ತಪ್ಪಿನ ಸ್ವರೂಪ ತಿಳಿಯದಿದ್ದಲ್ಲಿ ತಿದ್ದುಪಡಿ ದೊರೆತರೂ ತಿಳಿವಳಿಕೆ ದೊರೆಯುವುದಿಲ್ಲ. ಅದೇ ತಪ್ಪು ಮತ್ತೊಂದು ಡ್ರೈವರಿನಲ್ಲಿ ಮರುಕಳಿಸುತ್ತದೆ.

ನಮ್ಮ ವಿಮರ್ಶೆಯಿಂದ ಹೊರಡುವ ಸೂಚನೆ ಅಲ್ಪವಾದುದು. ಸಾಧನ-ಮೆಮೊರಿಯನ್ನು ಮ್ಯಾಪ್ ಮಾಡುವ ಪ್ರತಿಯೊಂದು ಬದಲಾವಣೆಯ ಪರಿಶೀಲನೆಯಲ್ಲಿಯೂ ನಾಲ್ಕು ಪ್ರಶ್ನೆಗಳಿಗೆ ಲಿಖಿತವಾದ ಉತ್ತರವಿರಬೇಕು: ಕೇಳುವ ಅಧಿಕಾರ ಯಾರದು, ಕೊಟ್ಟ ಭಾಗದ ಎಲ್ಲೆಯನ್ನು ಕಳೆಯುವ ಲೆಕ್ಕದಿಂದ ನಿರ್ಧರಿಸಿದೆಯೇ, ಕೂಡುವ ಲೆಕ್ಕದಿಂದಲೇ, ಕ್ಯಾಷಿನ ವಿಷಯದಲ್ಲಿ ತೀರ್ಮಾನವೇನು, ಸಾಧನ ಕೈಬಿಟ್ಟುಹೋದಾಗ ಹಕ್ಕು ಹೇಗೆ ರದ್ದಾಗುತ್ತದೆ. ವಿನಾಯಿತಿಯಿದ್ದರೆ ಅದರ ಕಾರಣವೂ ಅವಧಿಯೂ ಜೊತೆಗಿರಬೇಕು. ಇದರಿಂದ ಪರಿಶೀಲಕರ ಹೊರೆ ಹೆಚ್ಚುವುದೆಂಬ ಆಕ್ಷೇಪವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕು ಸಾಲುಗಳನ್ನು ಬರೆಯುವ ಶ್ರಮವನ್ನು ಒಂದು ತಟ್ಟೆಯಲ್ಲಿಯೂ, ಕೈಯಲ್ಲಿ ಹಿಡಿದ ಫೋನಿನ ಸಮಸ್ತ ಮೆಮೊರಿ ಅನ್ಯರ ವಶವಾಗುವುದನ್ನು ಇನ್ನೊಂದರಲ್ಲಿಯೂ ಇಟ್ಟು ತೂಗಿದರೆ, ಆ ಶ್ರಮ ಹೆಚ್ಚಿನದೆಂದು ಯಾರೂ ಹೇಳಲಾರರೆಂದು ನಮ್ಮ ಅಭಿಪ್ರಾಯ.