ಮನಸ್ಸು ಓದುವವನು ಅಪ್ಪನ ಮನಸ್ಸನ್ನೇ ಯಾಕೆ ಓದಲಿಲ್ಲ?

ಎಲ್ಲರ ಮನೆ ದೋಸೆನೂ ತೂತೇ. ಥ್ರಿಲ್ಲರ್ ಸಿನಿಮಾಗಳ ದೋಸೆಯಂತೂ ಕೇಳೋದೇ ಬೇಡ. ಹೀರೋ ಊಟ ಯಾವಾಗ ಮಾಡ್ದ, ಅವನಿಗೆ ಪಾರ್ಕಿಂಗ್ ಹೇಗೆ ಸಿಕ್ತು ಅಂತ ಲೆಕ್ಕ ಹಾಕುವವರ ಪಕ್ಕ ಕೂತು ಸಿನಿಮಾ ನೋಡೋದು ದೊಡ್ಡ ಶಿಕ್ಷೆ. ಆದರೆ ಕೆಲವು ಸಿನಿಮಾಗಳಲ್ಲಿ ತೂತಿರೋದು ದೋಸೆಯಲ್ಲಲ್ಲ, ಕಾವಲಿಯಲ್ಲೇ. ಡೇವಿಡ್ ಕ್ರೋನೆನ್‌ಬರ್ಗ್ ಅವರ 1981ರ ‘ಸ್ಕ್ಯಾನರ್ಸ್’ ಅಂಥದ್ದು.

ಸಭೆಯ ವೇದಿಕೆ ಮೇಲೆ ಕೂತ ಒಬ್ಬನ ತಲೆ ಕುಂಬಳಕಾಯಿ ಥರ ಸಿಡಿಯುವ ದೃಶ್ಯವನ್ನು ಸಿನಿಮಾ ನೋಡದವರೂ ನೋಡಿರ್ತಾರೆ. ಅದನ್ನು ಬದಿಗಿಟ್ಟರೆ ಕಥೆ ಹೀಗೆ: ಕ್ಯಾಮರಾನ್ ವೇಲ್ ಒಬ್ಬ ಅಲೆಮಾರಿ. ಸುತ್ತಲಿನವರ ಮನಸ್ಸಿನ ಮಾತೆಲ್ಲ ಕೇಳಿ ಕೇಳಿ ಅವನ ತಲೆ ಕೆಟ್ಟಿದೆ. ಕಾನ್‌ಸೆಕ್ ಅನ್ನುವ ಸಂಸ್ಥೆಯ ಡಾ. ಪಾಲ್ ರೂತ್ ಅವನನ್ನು ಹಿಡಿದು ತಂದು, ಎಫೆಮರಾಲ್ ಅನ್ನುವ ಮದ್ದು ಚುಚ್ಚಿ ಆ ದನಿಗಳನ್ನು ಅಡಗಿಸುತ್ತಾರೆ. ತರಬೇತಿ ಕೊಟ್ಟು, ರೆವೋಕ್ ಎಂಬ ದುಷ್ಟ ಸ್ಕ್ಯಾನರ್‌ನ ಗುಂಪನ್ನು ಹುಡುಕಲು ಕಳಿಸುತ್ತಾರೆ. ಕಾನ್‌ಸೆಕ್ ಖಾಸಗಿ ಕಂಪನಿ, ಆದರೆ ಅದರ ಗತ್ತೆಲ್ಲ ಸರ್ಕಾರಿ ಗೂಢಚಾರ ಇಲಾಖೆಯದ್ದೇ.

ಈ ಸಿನಿಮಾವನ್ನು ಆಡಿಕೊಳ್ಳುವವರೆಲ್ಲ ಮೊದಲು ಹಿಡಿಯೋದು ಫೋನ್ ಬೂತ್ ದೃಶ್ಯವನ್ನ. ವೇಲ್ ಟೆಲಿಫೋನ್ ತಂತಿಯ ಮೂಲಕ ಕಂಪನಿಯ ಕಂಪ್ಯೂಟರ್‌ನ ‘ಮನಸ್ಸು’ ಓದುತ್ತಾನೆ. ಐಟಿ ಗೆಳೆಯರು ಹೊಟ್ಟೆ ಹಿಡ್ಕೊಂಡು ನಗ್ತಾರೆ. ನನಗೇನೋ ಅದು ಅಷ್ಟು ಕೆಟ್ಟದಾಗಿ ಕಾಣಲ್ಲ. ಟೆಲಿಪಥಿ ಅಂದ್ರೆ ಮನಸ್ಸು ಓದುವುದಲ್ಲ, ಎರಡು ನರಮಂಡಲಗಳನ್ನು ಬೆಸೆಯುವುದು ಅಂತ ಸಿನಿಮಾ ಮೊದಲೇ ಹೇಳಿಬಿಟ್ಟಿದೆ. ಕಂಪ್ಯೂಟರಿಗೂ ಒಂಥರಾ ನರಮಂಡಲ ಇದೆ ಅಂದ್ರೆ ಒಪ್ಪಿಕೊಳ್ಳೋಣ. ಹ್ಯಾಕಿಂಗ್ ಸಿನಿಮಾ ‘ವಾರ್‌ಗೇಮ್ಸ್’ ಬಂದಿದ್ದು ಇದಾದ ಮೇಲೆ, 1983ರಲ್ಲಿ. ತಾನೇ ಹಾಕಿಕೊಂಡ ನಿಯಮವನ್ನು ಎಳೆದಾಡಿದರೆ ತಪ್ಪಿಲ್ಲ, ಮರೆತರೆ ತಪ್ಪು.

ಮರೆತಿದ್ದು ಎಲ್ಲಿ ಅಂದ್ರೆ, ಕಂಪನಿಯ ಸೆಕ್ಯುರಿಟಿ ಮುಖ್ಯಸ್ಥ ಕೆಲ್ಲರ್ ಹತ್ತಿರ. ಅವನು ರೆವೋಕ್ ಕಡೆಯವನು, ದ್ರೋಹಿ. ಅಲ್ಲಾ ಸ್ವಾಮಿ, ಮನಸ್ಸು ಓದುವವರನ್ನು ಸಾಕುವ ಕಂಪನಿಯಲ್ಲಿ ಒಬ್ಬ ದ್ರೋಹಿ ಆರಾಮಾಗಿ ಓಡಾಡ್ಕೊಂಡಿದಾನೆ, ವೇಲ್ ಒಂದೇ ಒಂದು ಸಲ ಅವನ ತಲೆಯೊಳಗೆ ಇಣುಕಿ ನೋಡಲ್ಲ! ಅವನಿಗೆ ಬರಲ್ಲ ಅಂತಲ್ಲ. ಪಿಯರ್ಸ್ ಎಂಬ ಶಿಲ್ಪಿ ಗುಂಡೇಟು ತಿಂದು ಸಾಯುತ್ತಿರುವಾಗ ಅವನ ಮನಸ್ಸಿನಿಂದ ಕಿಮ್ ಓಬ್ರಿಸ್ಟ್ ಎಂಬ ಹೆಸರನ್ನು ಎತ್ತಿಕೊಳ್ಳುವವನು ಇದೇ ವೇಲ್.

ಅದಕ್ಕಿಂತ ದೊಡ್ಡದು ರೂತ್ ವಿಷಯ. (ನೋಡದವರು ಈ ಪ್ಯಾರಾ ಹಾರಿಸಿ.) ಕೊನೆಗೆ ಗೊತ್ತಾಗುವುದೇನೆಂದರೆ, ಎಫೆಮರಾಲ್ ಮೊದಲು ಬಸುರಿಯರಿಗೆ ಕೊಟ್ಟ ಮದ್ದು, ಅದರ ಅಡ್ಡಪರಿಣಾಮವೇ ಸ್ಕ್ಯಾನರ್‌ಗಳು. ಅದನ್ನು ಕಂಡುಹಿಡಿದವರು ರೂತ್. ವೇಲ್ ಮತ್ತು ರೆವೋಕ್ ಇಬ್ಬರೂ ಅವರ ಸ್ವಂತ ಮಕ್ಕಳು. ಥಾಲಿಡೊಮೈಡ್ ಮಾತ್ರೆಯನ್ನು ಕೆನಡಾದಲ್ಲಿ ಹಿಂತೆಗೆದುಕೊಂಡಿದ್ದು 1962ರಲ್ಲಿ. ಆ ನೆನಪು ಹಸಿಯಾಗಿದ್ದ ಪ್ರೇಕ್ಷಕರಿಗೆ ಇದು ಬರೀ ಸೈನ್ಸ್ ಫಿಕ್ಷನ್ ಆಗಿ ಕಂಡಿರಲಾರದು. ಇಷ್ಟು ಭಾರವಾದ ಗುಟ್ಟನ್ನು ಹೊತ್ತ ಅಪ್ಪ ಎದುರಿಗೇ ಕೂತು ಪಾಠ ಹೇಳ್ತಾನೆ, ಮಗ ತಲೆಯಾಡಿಸ್ತಾನೆ. ಕೊನೆಗೆ ಮನಸ್ಸು ಓದಬಲ್ಲ ಮಗನಿಗೆ ಅಪ್ಪ ಯಾರೆಂದು ತಿಳಿಯುವುದು ಶತ್ರುವಿನ ಬಾಯಿಂದ.

ಇದಕ್ಕೆಲ್ಲ ಒಂದು ಕಾರಣ ಇನ್‌ಕಮ್ ಟ್ಯಾಕ್ಸ್ ಅಂದ್ರೆ ನಗ್ತೀರಿ. ಆಗ ಕೆನಡಾದಲ್ಲಿ ಸಿನಿಮಾಕ್ಕೆ ಹಣ ಹಾಕಿದವರಿಗೆ ತೆರಿಗೆ ವಿನಾಯಿತಿ ಇತ್ತು. ಹಾಗಾಗಿ ವರ್ಷ ಮುಗಿಯುವುದರೊಳಗೆ ದುಡ್ಡು ಖರ್ಚು ಮಾಡುವ ಧಾವಂತ. ಚಿತ್ರಕಥೆ ಪೂರ್ತಿಯಾಗದೆಯೇ ಶೂಟಿಂಗ್ ಶುರುವಾಯ್ತು. ಕ್ರೋನೆನ್‌ಬರ್ಗ್ ಬೆಳಿಗ್ಗೆ ಬರೆದು ಆಮೇಲೆ ಶೂಟ್ ಮಾಡ್ತಿದ್ದರು. ಕೊನೇ ದಿನ ರಾತ್ರಿ ಬಾಡಿಗೆ ರಸೀದಿ ಹುಡುಕಾಡಿ ಪ್ರೂಫ್ ಸಬ್ಮಿಟ್ ಮಾಡಿದವರಿಗೆ ಆ ಅವಸ್ಥೆ ಬಿಡಿಸಿ ಹೇಳಬೇಕಿಲ್ಲ.

ಆದರೂ ಅವಸರ ಪೂರ್ತಿ ನೆಪವಾಗಲ್ಲ. ಥ್ರಿಲ್ಲರ್ ಬದುಕೋದೇ ಗುಟ್ಟಿನ ಮೇಲೆ; ಮನಸ್ಸು ಓದುವವನು ಬಂದ ಕ್ಷಣ ಗುಟ್ಟಿಗೆ ಜಾಗ ಇಲ್ಲ. ಆದ್ದರಿಂದ ಟೆಲಿಪಥಿಯ ಕಥೆ ಬರೆಯುವವರು ಅವನಿಗೆ ಏನು ಕೇಳಿಸುತ್ತೆ ಅನ್ನೋದಕ್ಕಿಂತ ಏನು ಕೇಳಿಸಲ್ಲ, ಯಾಕೆ ಕೇಳಿಸಲ್ಲ ಅನ್ನೋದನ್ನ ಮೊದಲು ಬರೆದಿಟ್ಕೋಬೇಕು. ಸಂಕಟ ಅಂದ್ರೆ ‘ಸ್ಕ್ಯಾನರ್ಸ್’ ಕೈಯಲ್ಲಿ ಆ ಉತ್ತರ ಇತ್ತು. ದನಿಗಳನ್ನು ಅಡಗಿಸುವ ಇಂಜೆಕ್ಷನ್ ರೂತ್ ಜೇಬಿನಲ್ಲೇ ಇದೆಯಲ್ಲ! ‘ನನ್ನನ್ನು ನೋಡೋಕೆ ಬರುವ ಮುಂಚೆ ಮದ್ದು ತಗೊಂಡು ಬಾ, ನಿನಗೆ ನೆಮ್ಮದಿಯಾಗಿರುತ್ತೆ’ ಅಂತ ಒಂದು ಮಾತು ಹೇಳಿಸಿದ್ದರೆ ಸಾಕಿತ್ತು. ತೂತೂ ಮುಚ್ತಿತ್ತು, ಆ ಅಪ್ಪ ಎಂಥವನು ಅನ್ನೋದೂ ಅದೇ ಮಾತಲ್ಲಿ ಗೊತ್ತಾಗ್ತಿತ್ತು.