ಕೊರಗ ನುಡಿ: ವ್ಯಾಕರಣದ ಆಚೆಗೆ

ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕೊರಗ ಭಾಷೆಯ ಗ್ರಂಥದ ಹಿರಿಮೆ ಅದರ ಹೆಸರಿನಲ್ಲೇ ಉಂಟು. ಕೊರಗರ ನುಡಿ ತುಳುವಿನ ಅಪಭ್ರಂಶವಲ್ಲ, ಅದೇ ಒಂದು ಭಾಷೆ. ಒಂಟಿ, ತಪ್ಪು ಮೊದಲಾದ ಪ್ರಭೇದಗಳೂ ಅದಕ್ಕುಂಟು. ಅಪಶಬ್ದವೆಂದರೆ ದೋಷ ಎಂದೇ ಕಲಿತು, ಕಲಿಸಿದ ನನ್ನಂಥ ಸಂಸ್ಕೃತ ಮೇಷ್ಟ್ರಿಗೆ ಇದು ದೊಡ್ಡ ಪಾಠ.

ಆದರೂ ಒಂದು ಮಾತು ಹೇಳಲೇಬೇಕು. ವ್ಯಾಕರಣ ಪ್ರತ್ಯಯವನ್ನು ಬಿಡಿಸೀತು, ಅಜಲನ್ನು ಬಿಡಿಸಲಾರದು. ಅನ್ನಕ್ಕೆ ಕೂದಲು, ಉಗುರು ಬೆರೆಸಿ ಕೊರಗರಿಗೆ ಉಣಿಸುವಂಥ ಆ ಪದ್ಧತಿಯನ್ನು ಕರ್ನಾಟಕವು 2000ದ ಕಾಯ್ದೆಯಿಂದ ನಿಷೇಧಿಸಿತು. ಕೊರಗರು ಗಡಿಯ ಎರಡೂ ಕಡೆ ಇದ್ದಾರೆ. ಆ ಕಾಯ್ದೆ ಮಾತ್ರ ನಮ್ಮ ಕಾಸರಗೋಡಿಗೆ ದಾಟಿ ಬರುವುದಿಲ್ಲ. ಹಾಗಿರುವಾಗ ಕೋಶ ಮಾಡುವ ನಾವು ‘ಅಜಲು’ ಪದದೆದುರು ‘ಸಂಪ್ರದಾಯ’ ಎಂದು ಬರೆದು ಕೈತೊಳೆದುಕೊಂಡರೆ ಹೇಗೆ? ಅದರ ಅರ್ಥವನ್ನು ಮೊದಲು ಕೊರಗರಲ್ಲೇ ಕೇಳಬೇಕು.